ಬಂಡೆಯ ಮೇಲಿನ ಆರನೆಯ ಎಲೆ

ಮೊನ್ನೆ ಬಂಗಾರಪೇಟೆಯಲ್ಲಿ ಬೂದಿಕೋಟೆ ಬಸ್ಸು ಹತ್ತುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಸೀಟು ಸಿಕ್ಕಿದ್ದೇ ಪುಣ್ಯ ಅಂತ ಕಿಟಕಿ ಪಕ್ಕ ಕುಳಿತೆ. ತೊಡೆಯ ಮೇಲೆ ಬನ್ನಿನ ಚೀಲ. ಊರು ದಾಟಿದ ಮೇಲೆ ಕುರಿ ಕಾಯುವ ಯಜಮಾನರೊಬ್ಬರು ತೊಪ್ಪೆಯಾಗಿ ನೆನೆದು ಹತ್ತಿ, ಸೀದಾ ನನ್ನ ಪಕ್ಕಕ್ಕೇ ಬಂದು ಕುಳಿತರು. ಅವರ ಹೆಗಲ ಮೇಲಿದ್ದ ಕರಿಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಂದಿನ ಸೀಟಿನ ಕಾಲೇಜು ಹುಡುಗಿಯರು ಮೂಗಿಗೆ ದುಪಟ್ಟಾ ಹಿಡಿದರು. ನಾನು ಮಾತ್ರ ಆ ವಾಸನೆಯನ್ನು ಎದೆತುಂಬ ಎಳೆದುಕೊಂಡೆ. ನೆನೆದ ಉಣ್ಣೆ, ಕುರಿ, ಒಲೆಯ ಹೊಗೆ ಮೂರೂ ಕಲೆತ ಆ ವಾಸನೆ ಬಂದರೆ ಸಾಕು, ನಮ್ಮ ಅಜ್ಜಿ ಬಂಡೆಯ ಮೇಲೆ ನಿಂತ ಆ ವರ್ಷದ ಭಾದ್ರಪದ ನನ್ನ ಕಣ್ಣ ಮುಂದೆ ಬರುತ್ತದೆ. ನಾನು ಅಷ್ಟು ಎದೆಯುಬ್ಬಿಸಿ ನಡೆದ ಇನ್ನೊಂದು ಕಾಲ ನನ್ನ ಆಯುಸ್ಸಿನಲ್ಲಿ ಇಲ್ಲ.

ನನ್ನ ತವರು ಕೆಜಿಎಫ್‌ನ ಆಂಡರ್ಸನ್‌ಪೇಟೆ. ಕೊಟ್ಟಿದ್ದು ಬೂದಿಕೋಟೆ ಹೋಬಳಿಯ ಸೀಗೆಬಂಡೆಗೆ. ಮದುವೆ ಮಾತಾಗುವಾಗಲೇ ಯಾರೋ ನಮ್ಮಪ್ಪನ ಕಿವಿಯಲ್ಲಿ ಊದಿದ್ದರು: "ಓಗಿ ಓಗಿ ವಿಮಾನ ತಿಂದೋರ ಮನೇಗಾ ಎಣ್ಣು ಕೊಡೋದು?" ಅಪ್ಪ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಹುಡುಗ ಒಳ್ಳೆಯವನು, ಎರಡು ಹಸು, ಬಾವಿ ನೀರು, ಕುಡಿತವಿಲ್ಲ. ವಿಮಾನ ತಿಂದರೆ ತಿನ್ನಲಿ, ಮಗಳನ್ನು ತಿನ್ನದಿದ್ದರೆ ಸಾಕು ಅಂತ ಅಮ್ಮ ತೀರ್ಪು ಕೊಟ್ಟಳು. ನಾನು ಬಂದೆ. ಈಗ ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ ನಾನೇ. ನೀರು ಬೆರೆಸಿದ ಹಾಲನ್ನು ಯಾರ ಮುಖವನ್ನೂ ನೋಡದೆ ವಾಪಸ್ಸು ಕಳಿಸುತ್ತೇನಾದ್ದರಿಂದ ನನ್ನ ಬಾಯಿಗೆ ಊರು ಸ್ವಲ್ಪ ಹೆದರುತ್ತದೆ.

ಊರಿಗೆ ಆ ಹೆಸರು ಬಂದದ್ದು ಹೀಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೋಲಾರದ ಕಡೆ ಯುದ್ಧವಿಮಾನಗಳು ಇಳಿಯುವ ಬಯಲಿತ್ತಂತೆ. ಅಲ್ಲಿಂದ ಎದ್ದ ಬಾಂಬರ್ ವಿಮಾನವೊಂದು ಒಂದು ಮಳೆಗಾಲದ ಬೆಳಿಗ್ಗೆ ನಮ್ಮೂರ ಹಿಂದಿನ ಸೀಳುಬಂಡೆಗೆ ಬಡಿದು ಬಿತ್ತು. ಒಳಗೆ ಆರು ಜನ ಬಿಳಿಯರು. ಮಿಲಿಟರಿಯವರು ಲಾರಿ ತಂದು ಹೆಣಗಳನ್ನೂ ಎಂಜಿನ್ನುಗಳನ್ನೂ ಸಾಗಿಸಿದ ಮೇಲೆ ಉಳಿದ ತಗಡು ಬಂಡೆಯ ಮೇಲೆಯೇ ಬಿದ್ದಿತ್ತು. ಮಳೆಗೆ ಬಿಟ್ಟರೂ ತುಕ್ಕು ಹಿಡಿಯದ ಹಗುರ ತಗಡು, ಬಿಡುವವರು ಯಾರು? ಒಬ್ಬರ ಮನೆಯಲ್ಲಿ ಅದು ದನದ ಬಾನಿಯಾಯಿತು, ಒಬ್ಬರ ಮನೆಯಲ್ಲಿ ಮುಚ್ಚಳ, ಇನ್ನೊಬ್ಬರಲ್ಲಿ ರಾಗಿ ಕೇರುವ ಮೊರ. ನಮ್ಮ ಡೈರಿಯ ಬಾಗಿಲಿನ ಕೆಳಗರ್ಧ ಇವತ್ತಿಗೂ ಅದೇ ತಗಡು, ಸಾಲುಸಾಲು ರಿವೆಟ್ಟು ಕಾಣುತ್ತದೆ. ಹಾಗಾಗಿ ವಿಮಾನ ತಿಂದೋರು. ಸಂತೆಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ ಈ ತಮಾಷೆ ತಪ್ಪಿದ್ದಲ್ಲ.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದರ ಹಿಂದೆ ಇನ್ನೊಂದು ಮಾತು ತೆವಳಿಕೊಂಡು ಬರುತ್ತಿತ್ತು. ಆ ಆರು ಜನರಲ್ಲಿ ಒಬ್ಬನಿಗೆ ಜೀವ ಇತ್ತಂತೆ, ಸೀಗೆಬಂಡೆಯವರು ಅವನನ್ನು ಮುಗಿಸಿ ಕೈಗಡಿಯಾರ, ಉಂಗುರ ಹಂಚಿಕೊಂಡರಂತೆ. ಈ ಮಾತು ಬಂದು ನಿಲ್ಲುತ್ತಿದ್ದುದು ಒಂದೇ ಹೆಸರಿನ ಮೇಲೆ: ಚೌಡಪ್ಪ. ಚೌಡಪ್ಪ ನಮ್ಮ ಅಜ್ಜಿಯ ಅಪ್ಪ.

ಅಜ್ಜಿ ಅಂದರೆ ನನ್ನ ಗಂಡನ ಅಜ್ಜಿ, ಮುನಿಯಮ್ಮ. ಹುಟ್ಟಿದ್ದೂ ಸೀಗೆಬಂಡೆ, ಸೋದರಮಾವನಿಗೇ ಕೊಟ್ಟಿದ್ದರಿಂದ ಬಾಳಿದ್ದೂ ಸೀಗೆಬಂಡೆ. ವಿಮಾನ ಬಿದ್ದಾಗ ಲಂಗ ಉಡುವ ಹುಡುಗಿ. ನಾನು ಸೊಸೆಯಾಗಿ ಬಂದ ಮೊದಲ ಮಹಾಲಯ ಅಮಾವಾಸ್ಯೆಗೇ ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದ್ದಳು. "ಊರೋರ್ ಬಾಯಿಂದ ನೀನ್ ಕೇಳಾದ್ಕಿಂತ ನನ್ ಬಾಯಿಂದ ಕೇಳು" ಅಂತ ಶುರು ಮಾಡಿದ್ದಳು.

ವಿಮಾನ ಉರಿಯುತ್ತಿತ್ತಂತೆ. ಐವರ ಹತ್ತಿರಕ್ಕೆ ಹೋಗಲಾಗಲಿಲ್ಲ. ಬಾಲದ ಕಡೆ ಒಬ್ಬ ಕೆಂಪು ಕೂದಲಿನವನು ಬಂಡೆಯ ಸೀಳಿನಲ್ಲಿ ಬಿದ್ದು ನರಳುತ್ತಿದ್ದ. ಚೌಡಪ್ಪ ಇಳಿದು ಅವನನ್ನು ಎತ್ತಿದ. ಅವನು ಗಡಗಡ ನಡುಗುತ್ತಿದ್ದುದನ್ನು ನೋಡಿ ತನ್ನ ಮೈಮೇಲಿದ್ದ ಕಂಬಳಿಯನ್ನೇ ಹೊದಿಸಿದ. ಹುಡುಗಿ ಮುನಿಯಮ್ಮ ರಾಗಿ ಅಂಬಲಿ ತಂದು ಬಾಯಿಗೆ ಬಿಟ್ಟಳು. ಒಳ್ಳೆಯ ಆಸ್ಪತ್ರೆ ಅಂದರೆ ಆಗ ಕೆಜಿಎಫ್ ಗಣಿಯದ್ದೊಂದೇ. ಹಗ್ಗ ಹೆಣೆದ ಮಂಚದ ಮೇಲೆ ಮಲಗಿಸಿ, ಗುಡ್ಡದ ಅಡ್ಡದಾರಿಯಲ್ಲಿ, ಮಳೆಯಲ್ಲಿ, ಹೆಗಲು ಬದಲಿಸಿಕೊಂಡು ಹೊತ್ತರು. ಹೊತ್ತು ಮುಳುಗುವ ವೇಳೆಗೆ ಆಸ್ಪತ್ರೆ ಮುಟ್ಟಿಸಿದರು. ಉಳಿಯುವ ಆಸೆ ಇಲ್ಲ ಅಂತ ಬಾಗಿಲಲ್ಲಿ ಯಾರೋ ಅಂದರು. ಇವರನ್ನು ಒಳಗೆ ಬಿಡಲಿಲ್ಲ, ಕಂಬಳಿಯೂ ಒಳಗೇ ಉಳಿಯಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣದ ಮೇಲೆ ಹೊದಿಸಿದ ಕಂಬಳಿ ಮತ್ತೆ ಮನೆಗೆ ಬರುವುದಿಲ್ಲ. ಹೊತ್ತವರು ಬಾವಿಯಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡೇ ಹೊಸಿಲು ದಾಟುವುದು. ಮಾರನೆಯ ದಿನ ಗಂಡಸರು ವಾಪಸ್ಸು ಬಂದರು. ಮೈಯೆಲ್ಲ ರಕ್ತ, ಕೆಸರು, ಬೆವರು. ಮನೆಗೆ ಬರುವ ಮೊದಲು ಬಾವಿಗೇ ಹೋಗಿ ಸ್ನಾನ ಮಾಡಿದರು. ಚೌಡಪ್ಪನ ಹೆಗಲ ಮೇಲೆ ಕಂಬಳಿ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸರಿಗೆ ಅಷ್ಟು ಸಾಕಾಯಿತು. ಅಂಥ ಹೊತ್ತಿನಲ್ಲಿ ಬಾಯಿಬಿಟ್ಟು ಯಾರು ಕೇಳುತ್ತಾರೆ? ಉಳಿಯುವುದಿಲ್ಲ ಎಂಬ ಮಾತು ಕೇಳಿಸಿಕೊಂಡೇ ಬಂದಿದ್ದ ಗಂಡಸರೂ ಅವನು ಹೋದ ಅಂತಲೇ ತಿಳಿದುಕೊಂಡರು.

ಆಮೇಲೆ ಬಂದದ್ದು ವಿಚಾರಣೆ. ಸತ್ತವರ ಗಡಿಯಾರ, ಉಂಗುರ ಎಲ್ಲಿ ಅಂತ ಅಧಿಕಾರಿಗಳು ಕೇಳಿದರು. ಬೆಂಕಿಯಲ್ಲಿ ಮನುಷ್ಯರೇ ಉಳಿಯಲಿಲ್ಲ, ಗಡಿಯಾರ ಉಳಿಯುತ್ತದೆಯೇ? ಮುಂದೆ ನಿಂತು ಮಾತಾಡಿದವನು ಚೌಡಪ್ಪ, ಹಾಗಾಗಿ ಅವನನ್ನು ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಹೊಡೆದರೋ ಬಿಟ್ಟರೋ, ಅವನು ಯಾರಿಗೂ ಹೇಳಲಿಲ್ಲ. ತಲೆ ತಗ್ಗಿಸಿಕೊಂಡು ಊರಿಗೆ ಬಂದವನು ಒಂದೇ ಮಾತು ಆಡಿದನಂತೆ: "ನಾನ್ ಕಳ್ಳ ಅಲ್ಲ ಅಂತ ಯಾರಾನ ಬಂದು ಏಳೋಗಂಟ ಆ ಬಂಡೆ ಅತ್ತಲ್ಲ." ಹತ್ತಲಿಲ್ಲ. ಕುರಿಗಳನ್ನೂ ಆ ಕಡೆ ಬಿಡಲಿಲ್ಲ. ಹಾಗೆಯೇ ತೀರಿಕೊಂಡ.

ಆದರೆ ಊರು ಹತ್ತಿತು. ಆ ಆರು ಜನಕ್ಕೆ ಇಲ್ಲಿ ಹಿಂದಿಲ್ಲ ಮುಂದಿಲ್ಲ, ಯಾರು ಎಡೆ ಇಡಬೇಕು? ನಮ್ಮ ನೆಲದಲ್ಲಿ ಬಿದ್ದವರು ನಮ್ಮ ಹಿರೀಕರ ಲೆಕ್ಕ ಅಂತ ಊರ ದೊಡ್ಡವರು ತೀರ್ಮಾನಿಸಿದರು. ಪ್ರತಿ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಬಂಡೆಯ ಮೇಲೆ ಆರು ಎಲೆ. ಸಂಜೆ ಅವರವರ ಮನೆಯಲ್ಲಿ ಅವರವರ ಹಿರಿಯರಿಗೆ ಎಡೆ. ಬಿಳಿಯರು ಏನು ತಿನ್ನುತ್ತಾರೋ ಗೊತ್ತಿರದೆ ಮೊದಮೊದಲು ಮುದ್ದೆಯನ್ನೇ ಇಟ್ಟರಂತೆ. ಆಮೇಲೆ ಯಾರೋ ಕೆಜಿಎಫ್‌ಗೆ ಕೂಲಿಗೆ ಹೋಗಿ ಬಂದವರು ಬನ್ನು, ಬೇಯಿಸಿದ ಮೊಟ್ಟೆ, ಸಿಗರೇಟು ಅಂತ ತಿದ್ದಿದರು. ಕೆಜಿಎಫ್ ಸೊಸೆ ಬಂದಳು ಅಂತ ಬನ್ನು ತರುವ ಕೆಲಸ ನನ್ನ ತಲೆಗೆ ಕಟ್ಟಿದರು. ಅಮಾವಾಸ್ಯೆಯ ಹಿಂದಿನ ದಿನ ಆಂಡರ್ಸನ್‌ಪೇಟೆಯ ಬೇಕರಿಯಿಂದ ಆರು ದೊಡ್ಡ ಬನ್ನು ತರುವುದನ್ನು ನಾನು ಬಸುರಿಯಾಗಿದ್ದಾಗಲೂ ತಪ್ಪಿಸಲಿಲ್ಲ.

ಆ ಬನ್ನೇ ಮುಂದೆ ದಾರಿ ತೋರಿಸಿತು. ಬೇಕರಿಯ ಪಕ್ಕದ ಮನೆ ಡೇವಿಡ್ ಮೇಷ್ಟ್ರದು. ಆಂಗ್ಲೋ ಇಂಡಿಯನ್ನರು, ಗಣಿಯ ಕೋರಮಂಡಲ್ ಕಾಲೊನಿಯಲ್ಲಿ ಹುಟ್ಟಿ ಬೆಳೆದವರು, ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಕಲಿಸಿದರು ಅಂದೆ, ನಾನು ಕಲಿತೆ ಅನ್ನಲಿಲ್ಲ. ವರ್ಷಾ ವರ್ಷಾ ಅದೇ ದಿನ ಅಷ್ಟೇ ಬನ್ನು ಒಯ್ಯುವುದನ್ನು ನೋಡಿ ಒಮ್ಮೆ ಕಾರಣ ಕೇಳಿದ್ದರು. ವಿಮಾನದ ದೊರೆಗಳಿಗೆ ಎಡೆ ಸಾರ್ ಅಂದಿದ್ದೆ. ಅವರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದರು. ಗಣಿ ಮುಚ್ಚಿದ ಮೇಲೆ ಅವರಿಗೆ ಒಂದು ಹವ್ಯಾಸ ಹತ್ತಿತ್ತು, ತಾತ ಮುತ್ತಾತಂದಿರ ಸಮಾಧಿ ಹುಡುಕಿಕೊಂಡು ಬರುವ ವಿದೇಶದವರಿಗೆ ಕೆಜಿಎಫ್ ಸುತ್ತಿಸುವುದು.

ಆ ವರ್ಷ ಮಳೆ ಚೆನ್ನಾಗಿ ಬಂದಿತ್ತು. ಕೆರೆಗೆ ನೀರು ನಿಂತಿತ್ತು, ರಾಗಿ ತೆನೆ ಬಿಚ್ಚುತ್ತಿತ್ತು, ಹಸಿಮೇವು ತಿಂದ ಹಸುಗಳು ಡೈರಿಯ ಕ್ಯಾನುಗಳನ್ನು ತುಂಬಿಸುತ್ತಿದ್ದವು. ಪಿತೃಪಕ್ಷ ಶುರುವಾದ ವಾರದಲ್ಲಿ ಒಂದು ಬೆಳಿಗ್ಗೆ ನಾನು ಹಾಲು ಅಳೆಯುತ್ತಿರುವಾಗ ಡೇವಿಡ್ ಮೇಷ್ಟ್ರು ಆಟೋದಿಂದ ಇಳಿದರು.

"ಸರೋಜಾ, ಲಂಡನ್ ಕಡೆಯಿಂದ ಒಂದು ಪಾಪ ಬಂದಿದೆ ಮಾ" ಅಂದರು. ನಲವತ್ತು ದಾಟಿದ ಹೆಂಗಸೂ ಅವರಿಗೆ ಪಾಪವೇ. "ಅವಳ ತಾತ ಒಂದು ವಿಮಾನದಲ್ಲಿ ಇದ್ದ ಆಳು. ಊರ ಹೆಸರು ಗೊತ್ತಿಲ್ಲ ಅವಳ್ಗೆ. ಎರಡಾಗಿ ಸೀಳಿರೋ ದೊಡ್ಡ ಬಂಡೆ ಅಂತಾಳೆ. ನಂಗೆ ಟಕ್ಕಂತ ನಿನ್ ಬನ್ನು ಗ್ಯಾಪ್ಕ ಬಂತು. ಕರ್ಕೊಂಡ್ ಬರ್ಲಾ?"

"ಕರ್ಕೊಂಡ್ ಬನ್ನಿ ಸಾರ್, ಅಮಾಸೆ ದಿನಾನೇ ಬನ್ನಿ" ಅಂದುಬಿಟ್ಟೆ. ಪಾಪ, ತನ್ನ ತಾತ ಸತ್ತ ಜಾಗ ನೋಡಲು ಅಷ್ಟು ದೂರದಿಂದ ಬಂದಿದ್ದಾಳೆ ಅಂತ ನನ್ನ ಎಣಿಕೆ. ಆರು ಬನ್ನು ಅಂದರೆ ಆರು ಸಾವು ಅಂತ ನಾವು ಲೆಕ್ಕ ಹಾಕಿದ್ದೇವೆಂಬುದು ಮೇಷ್ಟ್ರಿಗೆ ಗೊತ್ತಿಲ್ಲ. ಆ ತಾತ ಯಾರೆಂಬುದು ನನಗೆ ಗೊತ್ತಿಲ್ಲ.

ಸುದ್ದಿ ಹಬ್ಬಿದ್ದೇ ತಡ, ಊರಿಗೆ ಚಳಿಜ್ವರ ಬಂದಂತಾಯಿತು. ಪಂಚಾಯಿತಿ ಮೆಂಬರ್ ನಾರಾಯಣಪ್ಪ ಮನೆಮನೆಗೂ ಹೋದ. "ತಗಡೆಲ್ಲ ವಾಪಸ್ ಕೊಡ್ರಿ ಅಂತ ಕೇಸ್ ಆಕಿದ್ರೆ? ಸರ್ಕಾರದ್ ಮಾಲು ಕಣ್ರಪ್ಪ ಅದು!" ಆಗಿನ ಸರ್ಕಾರವೇ ಇಲ್ಲ ಈಗ ಅಂದರೆ ಕೇಳುವವರು ಯಾರು? ಅಮಾವಾಸ್ಯೆಯ ಹಿಂದಿನ ದಿನ ಸೀಗೆಬಂಡೆಯ ಬಾನಿ, ಮುಚ್ಚಳ, ಮೊರಗಳೆಲ್ಲ ಹುಲ್ಲಿನ ಬಣವೆಯೊಳಗೆ ಹೋಗಿ ಮಲಗಿದವು. ದನಗಳು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಗಚ್ಚು ಕುಡಿದವು. ಡೈರಿಯ ಬಾಗಿಲನ್ನೂ ಕಳಚಿಡು ಅಂತ ನಾರಾಯಣಪ್ಪ ನನ್ನ ಹತ್ತಿರ ಬಂದ. "ಬಾಗಿಲು ತಗ್ದು ನೀವು ರಾತ್ರಿಯೆಲ್ಲ ಕ್ಯಾನ್ ಕಾಯ್ತೀರಾ?" ಅಂದೆ, ಹೊರಟುಹೋದ.

ಅಜ್ಜಿಯ ಹತ್ತಿರಕ್ಕೂ ಹೋದ. ನಮ್ಮ ಮನೆಯ ಮುಂದಿನ ದನದ ಬಾನಿ ಊರಿಗೇ ದೊಡ್ಡದು, ರೆಕ್ಕೆಯ ತುಂಡು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಅಜ್ಜೀ, ಅದೊಂದ್ನ ಇವತ್ತು ನಾಳೆ ಒಳಿಕ್ ಇಡ್ಸು" ಅಂದ.

"ಯಾಕ್ಲಾ?"

"ನೋಡಿದೋರು ಕಳ್ಳರು ಅಂದ್ಕೋತಾರೆ ಕಣಜ್ಜಿ."

"ಬಚ್ಚಿಟ್ಟೋನು ಕಣ್ಲಾ ಕಳ್ಳ. ನಾನ್ಯಾಕ್ ಬಚ್ಚಿಡ್ಲಿ?" ಎಲೆ ಬಾಯಿಗೆ ಹಾಕಿಕೊಂಡಳು. "ಬರ್ಲಿ. ನಮ್ಮಪ್ಪುನ್ನ ಕೇಳೋರು ಯಾರೂ ಬರ್ಲಿಲ್ವಲ್ಲ ಅಂತ ಕಾದು ಕಾದು ನನ್ ಕಣ್ಣು ಮಂಜಾಯ್ತು. ಈಗ ಬತ್ತಾರೆ ಅಂದ್ರೆ ಬಾನಿ ಬಚ್ಚಿಡ್ಬೇಕಾ? ಬಾಯಿ ಬಚ್ಚಿಡ್ಬೇಕಾ?"

ಆ ರಾತ್ರಿ ಅಜ್ಜಿ ಊಟ ಮಾಡಲಿಲ್ಲ. ಧೈರ್ಯದ ಮಾತಾಡಿದರೂ ಒಳಗೆ ಅವಳಿಗೂ ಭಯವಿತ್ತು. ಬಂದವಳು ನಮ್ಮ ತಾತನ ಉಂಗುರ ಎಲ್ಲಿ ಅಂತ ಕೇಳಿಬಿಟ್ಟರೆ? ಸತ್ತ ಅಪ್ಪನನ್ನು ಎರಡನೇ ಸಲ ಕಟಕಟೆಗೆ ನಿಲ್ಲಿಸಿದ ಹಾಗಾಗುತ್ತಿತ್ತು. ಆ ಭಯ ನನಗೂ ಅಂಟಿತು, ಕರೆಸಿದವಳು ನಾನೇ ತಾನೆ.

ಅಮಾವಾಸ್ಯೆಯ ಬೆಳಿಗ್ಗೆ ಸೋನೆ ಹಿಡಿದಿತ್ತು. ಬಂಡೆಯ ಮೇಲೆ ಟಾರ್ಪಾಲು ಕಟ್ಟಿ, ಮುತ್ತುಗದ ಎಲೆ ಹಾಸಿ, ಆರೂ ಎಲೆಗೆ ಬನ್ನು, ಮೊಟ್ಟೆ, ವಡೆ ಬಡಿಸುವ ಹೊತ್ತಿಗೆ ಮೇಷ್ಟ್ರು ಅವಳನ್ನು ಕರೆತಂದರು. ರೂತ್ ಅಂತ ಹೆಸರು. ಎತ್ತರದ ಹೆಂಗಸು, ಬೆನ್ನಿಗೊಂದು ಚೀಲ. ಮಳೆಗೆ ಜಾರುವ ಬಂಡೆಯನ್ನು ನಮ್ಮ ಹೆಂಗಸರ ಕೈ ಹಿಡಿದುಕೊಂಡು ಹತ್ತಿದಳು. ಎಲೆಗಳನ್ನು ಕಂಡವಳೇ, ಯಾರೂ ಹೇಳದೆ, ಶೂ ಕಳಚಿ ಬದಿಗಿಟ್ಟಳು. ಆಗಲೇ ನನಗೆ ಅವಳ ಮೇಲೆ ಪ್ರೀತಿ ಬಂತು.

ಅವಳು ಎಲೆಗಳನ್ನು ಎಣಿಸಿ ಮೇಷ್ಟ್ರ ಕಿವಿಯಲ್ಲಿ ಏನೋ ಕೇಳಿದಳು.

"ಆರು ಯಾಕೆ ಅಂತ ಕೇಳ್ತಾಯಿದೆ" ಅಂದರು ಮೇಷ್ಟ್ರು.

"ಆರ್ ಜನ ಸತ್ರಲ್ಲ ಸಾರ್, ಅದುಕ್ಕೆ" ಅಂದ ನಾರಾಯಣಪ್ಪ.

ರೂತ್ ತಲೆ ಅಲ್ಲಾಡಿಸಿದಳು. ಐದು ಬೆರಳು ಎತ್ತಿ ತೋರಿಸಿದಳು. ಅವಳು ಹೇಳುತ್ತಾ ಹೋದಂತೆ ಮೇಷ್ಟ್ರ ಮುಖದ ಬಣ್ಣವೇ ಬದಲಾಯಿತು.

"ಅಯ್ಯೋ ಕಡವುಳೇ" ಅಂದರು. "ಸತ್ತೋರು ಐದೇ ಜನ ಅಂತೆ. ಆರನೇ ಆಳೇ ಇವಳ ತಾತ. ಟಾಮ್. ಬದುಕಿಬಿಟ್ಟ! ಕೆಜಿಎಫ್‌ನಿಂದ ಮದ್ರಾಸಿಗೆ ಸಾಗ್ಸಿದ್ರಂತೆ, ಸರಿಯಾಗಿ ಕಣ್ ಬಿಟ್ಟಿದ್ದು ಅಲ್ಲೇ ಅಂತೆ. ಯಾರು ತಂದ್ರು, ಯಾವ ಊರು, ಒಂದೂ ಗೊತ್ತಾಗ್ಲಿಲ್ಲ ಅವನಿಗೆ. ಊರಿಗೆ ಓಗಿ ಮದ್ವೆಯಾಗಿ, ಮಕ್ಳು ಮೊಮ್ಮಕ್ಳು ನೋಡಿ, ಓದ ವರ್ಷ ಕ್ರಿಸ್‌ಮಸ್ ಟೈಮಲ್ಲಿ ತೀರ್ಕೊಂಡಿದ್ದು. ತೊಂಬತ್ತು ದಾಟಿತ್ತಂತೆ."

ನಾರಾಯಣಪ್ಪ ತಲೆ ಮೇಲೆ ಕೈ ಹೊತ್ತುಕೊಂಡ. "ಅಯ್ಯಯ್ಯೋ, ಜೀವಂತ ಇರೋ ಮನುಷ್ಯನ್ಗೆ ಎಡೆ ಇಟ್ಕೊಂಡ್ ಬಂದ್ವಾ ಇಷ್ಟ್ ವರ್ಷ!" ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಅಪಶಕುನ ಇನ್ನೊಂದಿಲ್ಲ. ತಾನೇನು ತಪ್ಪು ಆಡಿದೆನೋ ಅಂತ ರೂತ್ ಗಾಬರಿಯಿಂದ ಎಲ್ಲರ ಮುಖ ನೋಡುತ್ತಿದ್ದಳು.

ಆಗ ನಕ್ಕವಳು ಅಜ್ಜಿ. ಬೊಚ್ಚುಬಾಯಿ ತುಂಬ ನಕ್ಕಳು. "ಸತ್ತ ಅಂತ ಸುಳ್ಸುದ್ದಿ ಉಟ್ಟಿದ್ರೆ ಆಯುಸ್ಸು ಜಾಸ್ತಿ ಅಂತಾರಲ್ರೋ! ನಾವು ವರ್ಷಾ ವರ್ಷಾ ಸಾಯಿಸ್ತಾ ಬಂದ್ವಿ, ಅವ್ನು ವರ್ಷಾ ವರ್ಷಾ ಬದುಕ್ತಾ ಓದ. ತೊಂಬತ್ತು ಸುಮ್ನೆ ಬಂತಾ? ನಮ್ ಬನ್ನು ತಿಂದು ಬಂತು!"

ಮೇಷ್ಟ್ರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ರೂತ್ ನಗಲು ಹೋಗಿ ಅತ್ತಳು. ಆಮೇಲೆ ಬೆನ್ನಿನ ಚೀಲ ಇಳಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಗಂಟೊಂದನ್ನು ಬಿಚ್ಚಿದಳು. ಒಳಗಿದ್ದದ್ದು ಕರಿಕಂಬಳಿ. ಇದನ್ನು ಕೊಟ್ಟವರಿಗೆ ಮುಟ್ಟಿಸು ಅನ್ನುವುದೇ ತಾತನ ಕಡೆಯ ಮಾತಾಗಿತ್ತಂತೆ. ಇಸ್ತ್ರಿ ಸೀರೆಯ ಹಾಗೆ ಮಡಿಸಿ, ನುಸಿ ಗುಳಿಗೆ ಹಾಕಿ, ಎಷ್ಟು ಜೋಪಾನ ಮಾಡಿದ್ದರೆಂದರೆ ಅದು ನಮ್ಮ ಕಂಬಳಿ ಅಂತ ಅನ್ನಿಸಲೇ ಇಲ್ಲ. ಟಾರ್ಪಾಲಿನ ಅಂಚಿನಿಂದ ಮಳೆನೀರು ಅದರ ಮೇಲೆ ತೊಟ್ಟಿಕ್ಕಿತು. ನುಸಿ ಗುಳಿಗೆಯ ವಾಸನೆ ಕರಗಿ, ಅದರಡಿಯಿಂದ ಕುರಿಯ ವಾಸನೆ ಮೆಲ್ಲಗೆ ಎದ್ದು ಬಂತು.

ಅಜ್ಜಿ ಕೋಲು ಬಿಸಾಕಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡಳು. ಮುಖ ಎತ್ತಿದಾಗ ಅವಳ ದನಿ ಬೇರೆಯೇ ಆಗಿತ್ತು.

"ಮೇಷ್ಟ್ರೇ, ಒಂದ್ ಮಾತ್ ಕೇಳಿ. ಆ ಯಪ್ಪುನ್ ಕೈಲಿ ಗಡಿಯಾರ ಇತ್ತು. ನಾನ್ ಅಂಬ್ಲಿ ಬಿಡುವಾಗ ನೋಡಿದ್ದೆ. ಅದೇನಾಯ್ತಂತೆ?"

ಚೌಡಪ್ಪನ ಮಗಳು ತನ್ನ ಬಾಯಿಂದಲೇ ಆ ಪ್ರಶ್ನೆ ಕೇಳಿದ್ದಳು. ಉತ್ತರ ಏನೇ ಬಂದರೂ ಇನ್ನು ಹಿಂದಕ್ಕೆ ಹೋಗುವ ಹಾಗಿರಲಿಲ್ಲ.

ಮೇಷ್ಟ್ರು ಅದನ್ನು ಇಂಗ್ಲಿಷಿನಲ್ಲಿ ಕೇಳಿದರು. ರೂತ್ ಮಳೆಕೋಟಿನ ತೋಳನ್ನು ಮೇಲಕ್ಕೆ ಸರಿಸಿ ಕೈ ಮುಂದೆ ಚಾಚಿದಳು. ಗಂಡಸರ ಹಳೆಯ ಗಡಿಯಾರ, ಅವಳ ಸಣ್ಣ ಮಣಿಕಟ್ಟಿಗೆ ದೊಡ್ಡದು. ಇದೇ ಅಂತೆ. ಉಂಗುರವೂ ಮನೆಯಲ್ಲಿದೆಯಂತೆ, ಟಾಮ್ ಅದನ್ನೇ ರೂತ್‌ಳ ಅಜ್ಜಿಗೆ ತೊಡಿಸಿ ಮದುವೆಯಾದನಂತೆ. ಮೇಷ್ಟ್ರು ಒಂದೊಂದೇ ಮಾತನ್ನು ತಡೆತಡೆದು ಹೇಳಿದರು: ದಾರಿಯಲ್ಲಿ ಅವನಿಗೆ ಆಗಾಗ ಎಚ್ಚರವಾಗುತ್ತಿತ್ತಂತೆ. ಗಡಿಯಾರದ ಕೈ ಮಂಚದಿಂದ ಜೋತುಬಿದ್ದು ಕಲ್ಲಿಗೆ, ಗಿಡಕ್ಕೆ ತಾಗುತ್ತಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಮನುಷ್ಯ ಪ್ರತಿ ಸಲವೂ ಆ ಕೈಯನ್ನು ಎತ್ತಿ ಕಂಬಳಿಯ ಒಳಗೆ ಸೇರಿಸುತ್ತಿದ್ದ. ಅವನ ಮುಖ ನೆನಪಿಲ್ಲ, ಮೈಮೇಲೆ ಬಟ್ಟೆಯಿರಲಿಲ್ಲ, ಮಳೆಯಲ್ಲಿ ನೆನೆಯುತ್ತಿದ್ದ. ಅವನ ಹೆಸರು ತಿಳಿದುಕೊಂಡು ಬಾ ಅಂದಿದ್ದನಂತೆ ತಾತ.

"ಚೌಡಪ್ಪ" ಅಂದಳು ಅಜ್ಜಿ. "ನಮ್ಮಪ್ಪ. ಮೈಮೇಲಿದ್ದ ಕಂಬ್ಳಿ ಇವುನ್ಗೆ ಕೊಟ್ಟಿದ್ನಲ್ಲ, ಅದುಕ್ಕೇ ನೆನೀತಿದ್ದ."

ರೂತ್ ಆ ಹೆಸರನ್ನು ಎರಡು ಸಲ ಹೇಳಿ ನೋಡಿದಳು. ಚವ್‌ಡಪ್ಪ ಅಂದಳು. ಬಾಯಿಗೆ ಸರಿಯಾಗಿ ಬರಲಿಲ್ಲ. ಆದರೂ ಆ ಬಂಡೆಯ ಮೇಲೆ ಅಪ್ಪನ ಹೆಸರನ್ನು ಯಾರಾದರೂ ಅಷ್ಟು ಮರ್ಯಾದೆಯಿಂದ ಆಡಿದ್ದು ಅದೇ ಮೊದಲು.

ಅಜ್ಜಿ ನನ್ನ ಕಡೆ ತಿರುಗಿದಳು. "ಸರೋಜಾ, ಮನೇಗ್ ಓಡು. ನಮ್ಮಪ್ಪುನ್ ಎಲೆ ತಕ್ಕೊಂಬಾ."

ಮನೆಯ ಎಡೆ ಸಂಜೆಗೆ. ಸಾರು ಇನ್ನೂ ಒಲೆಯ ಮೇಲೆ ಕುದಿಯುತ್ತಿತ್ತು. ಬಿದ್ದು ಎದ್ದು ಓಡಿದೆ. ಬಿಸಿ ಮುದ್ದೆ ಕಟ್ಟಿ, ಬೆಂದಷ್ಟು ಕೋಳಿಸಾರು ಬಗ್ಗಿಸಿಕೊಂಡು, ಚೌಡಪ್ಪನಿಗೆ ಇಷ್ಟವಾದ ಹೊಗೆಸೊಪ್ಪನ್ನೂ ಇಟ್ಟುಕೊಂಡೆ. ಮಳೆಗೆ ಮುಚ್ಚಲು ಏನಾದರೂ ಬೇಕಿತ್ತು. ಪಕ್ಕದ ಮನೆಯಲ್ಲಿ ನಾರಾಯಣಪ್ಪನ ತಾಯಿ ಒಬ್ಬಳೇ ಇದ್ದಳು. ವಿಷಯ ಕೇಳಿದ್ದೇ ತಡ, ಆ ಮುದುಕಿ ಬಣವೆಗೆ ಕೈ ಹಾಕಿ ವಿಮಾನದ ಮುಚ್ಚಳ ಎಳೆದು ಕೊಟ್ಟಳು. "ಮುಚ್ಕೊಂಡ್ ಓಗು. ಇನ್ ಯಾರ್ ಏನ್ ಕೇಳ್ತಾರೋ ಕೇಳ್ಲಿ" ಅಂದಳು. ನಾನು ಮೇಲೆ ಹತ್ತುವಷ್ಟರಲ್ಲಿ ಹಿಂದಿನಿಂದ ಉಳಿದ ಹೆಂಗಸರೂ ಬಾನಿ, ಮೊರ ಹೊತ್ತುಕೊಂಡು ಬರತೊಡಗಿದ್ದರು. ಹುಲ್ಲು ಅಂಟಿದ್ದ ಆ ತಗಡುಗಳನ್ನು ರೂತ್ ಮುಟ್ಟಿ ಮುಟ್ಟಿ ನೋಡಿದಳು. ಒಂದನ್ನೂ ವಾಪಸ್ಸು ಕೇಳಲಿಲ್ಲ. ತಾತ ಕೂರುತ್ತಿದ್ದ ಜಾಗದ ತುಂಡು ಯಾವುದಿರಬಹುದು ಅಂತ ಮಾತ್ರ ಕೇಳಿದಳು. ಮೂರು ಮನೆಯವರು ನಮ್ಮದೇ ಅಂತ ಜಗಳಕ್ಕೆ ನಿಂತರು.

ಅಜ್ಜಿ ಆರನೆಯ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದಳು. ಆರನೆಯದು ಅಷ್ಟು ವರ್ಷ ಜೀವಂತ ಮನುಷ್ಯನಿಗೆ ಇಟ್ಟ ಎಲೆ, ಅವನು ತೀರಿಕೊಂಡ ಮೇಲೆ ಆ ವರ್ಷವೇ ಮೊದಲ ಸಲ ಸರಿಯಾದ ಲೆಕ್ಕಕ್ಕೆ ಬಂದಿತ್ತು. ತಾನೇ ಕೈಯಾರೆ ಮುದ್ದೆ ಬಡಿಸಿದಳು, ಸಾರು ಬಿಟ್ಟಳು. ಕಂಬಳಿಯನ್ನು ಎರಡೂ ಎಲೆಗೆ ಎದುರಾಗಿ ಚಾಪೆಯ ಹಾಗೆ ಹಾಸಿದಳು. ಆಮೇಲೆ ಊರ ಕಡೆ, ಅಪ್ಪ ಬದುಕಿದ್ದ ಮನೆಯ ಕಡೆ ಮುಖ ಮಾಡಿ, ಬದುಕಿರುವವರನ್ನು ಕೂಗುವ ಹಾಗೆಯೇ ಗಟ್ಟಿಯಾಗಿ ಕೂಗಿದಳು:

"ಅಪ್ಪಾ, ಇನ್ನ ಮೇಲಕ್ ಬಾರಪ್ಪಾ! ಏಳೋರು ಬಂದವ್ರೆ. ನೀನ್ ಒತ್ಕೊಂಡ್ ಓದೋನು ಬದುಕ್ದ ಕಣಪ್ಪಾ!"

ನಾನು ಅತ್ತೆ. ನಾರಾಯಣಪ್ಪ ಅತ್ತ. ಡೇವಿಡ್ ಮೇಷ್ಟ್ರು ಟೋಪಿಯನ್ನು ಎದೆಗೆ ಹಿಡಿದು ಮಳೆಯಲ್ಲಿ ನೆನೆಯುತ್ತಾ ನಿಂತಿದ್ದರು. ಆದರೆ ಅದು ದುಃಖವಾಗಿರಲಿಲ್ಲ. ಇಂಥ ಮನೆಗೆ ನಾನು ಸೊಸೆಯಾಗಿ ಬಂದೆನಲ್ಲ ಅಂತ ಎದೆ ಬಿರಿಯುವಷ್ಟು ಹೆಮ್ಮೆಯಾಗಿತ್ತು.

ಆ ವಾರವೇ ಅಜ್ಜಿ ನನ್ನನ್ನು ಕರೆದುಕೊಂಡು ಬಂಗಾರಪೇಟೆಗೆ ಹೊರಟಳು. ಬಿಸಿಲಿದ್ದರೂ ಹೆಗಲ ಮೇಲೆ ಕಂಬಳಿ. ಅಪ್ಪನನ್ನು ಕೂರಿಸಿದ್ದ ಕಟ್ಟಡ ಈಗಿಲ್ಲ, ಅಲ್ಲಿ ಅಂಗಡಿ ಸಾಲು ಎದ್ದಿದೆ. ಅದರ ಎದುರು ನಿಂತು ಒಂದು ಎಲೆಯಡಿಕೆ ಹಾಕಿಕೊಂಡು, ಆ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ತಲೆ ಎತ್ತಿಕೊಂಡು ನಡೆದಳು. ಕೇಳಿದವರಿಗೂ ಹೇಳಿದಳು, ಕೇಳದವರನ್ನು ನಿಲ್ಲಿಸಿಯೂ ಹೇಳಿದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಷ್ಟೂ ಜನಕ್ಕೆ ಕಥೆ ಒಪ್ಪಿಸಿದ್ದರಿಂದ ನಮ್ಮ ಸ್ಟಾಪು ದಾಟಿಹೋಯಿತು.

ಅಜ್ಜಿ ಹೋಗಿ ಈಗ ಕೆಲವು ವರ್ಷ. ಹೋಗುವ ಮುಂಚೆ ನನಗೆ ಖಡಾಖಂಡಿತ ಹೇಳಿದ್ದಳು: "ನನ್ ಮೇಲೆ ಆ ಕಂಬ್ಳಿ ಒದಿಸ್ಬೇಡ್ರಿ. ಅದು ಎಣದ್ದಲ್ಲ. ಜೀವ ಉಳ್ಸಿ ಮನೇಗ್ ಬಂದಿರೋ ಕಂಬ್ಳಿ." ಆದ್ದರಿಂದ ಅದು ನಮ್ಮ ಮನೆಯಲ್ಲೇ ಇದೆ. ಸೀಗೆಬಂಡೆಯಲ್ಲಿ ಯಾವ ಮಗು ಹುಟ್ಟಿ ಆಸ್ಪತ್ರೆಯಿಂದ ಬಂದರೂ ಹೊಸಿಲು ದಾಟುವ ಮೊದಲು ಅದರ ಮೇಲೆ ಒಂದು ಗಳಿಗೆ ಮಲಗಿಸುತ್ತಾರೆ. ನನ್ನ ಮೊಮ್ಮಗಳನ್ನೂ ಮಲಗಿಸಿದ್ದೆವು. ಚುಚ್ಚುತ್ತದೆ ಅಂತ ಮಗು ಕಿರುಚಿತು, ಎಲ್ಲರೂ ನಕ್ಕರು.

ಮೊನ್ನೆ ಬಸ್ಸಿನಲ್ಲಿ ಪಕ್ಕದ ಯಜಮಾನರು ನನ್ನ ಚೀಲದ ಕಡೆ ನೋಡಿ ಕೇಳಿದರು. "ಇಷ್ಟೊಂದ್ ಬನ್ನಾ? ನೆಂಟ್ರು ಬತ್ತಾವ್ರಾ ತಾಯಿ?"

"ಊ ಕಣಣ್ಣ" ಅಂದೆ. "ವರ್ಷುಕ್ಕೊಂದ್ಸಲ ಬತ್ತಾರೆ. ಅಮಾಸೆಗೆ."

ಅಷ್ಟರಲ್ಲಿ ಹೊಸ ಕಂಡಕ್ಟರ್ ಹುಡುಗ ಹಿಂದಿನಿಂದ ಕೂಗಿದ. "ಸೀಗೆಬಂಡೆ, ಸೀಗೆಬಂಡೆ! ವಿಮಾನ ತಿಂದೋರ ಊರು, ಯಾರ್ರೀ ಇಳಿಯೋರು?" ಬಸ್ಸಿನ ತುಂಬ ನಗು. ಒಂದು ಕಾಲದಲ್ಲಿ ಈ ಕೂಗಿಗೆ ನಾನು ಸೆರಗು ಎಳೆದುಕೊಂಡು ಇಳಿಯುತ್ತಿದ್ದೆ.

ಎದ್ದು ನಿಂತು ಚೀಲವನ್ನು ಎದೆಗೆ ಹಿಡಿದುಕೊಂಡೆ. "ನಾನೇ ಕಣಪ್ಪಾ" ಅಂದೆ, ಡ್ರೈವರಿಗೂ ಕೇಳುವ ಹಾಗೆ. "ತಿಂದೋರೂ ನಾವೇ, ಒತ್ತೋರೂ ನಾವೇ. ಬಸ್ಸು ಮೆತ್ತುಗೆ ನಿಲ್ಸು, ದೊರೆಗಳ ಬನ್ನು ನಜ್ಜಾಯ್ತವೆ."